ಶಿಕಾಗೋಕ್ಕ ಬಂದ ತಂಗಿಗೆ: ರೊಟ್ಟಿ ಬಿಡಬ್ಯಾಡ, ಆದ್ರ ಎಸರಿನ ನೀರು ನೋಡ್ಕೊ

ತಂಗಿ, ನೀ ಯಾದಗಿರಿಯಿಂದ ಶಿಕಾಗೋಕ್ಕ ಬಂದು ಇನ್ನಾ ತಿಂಗಳಾಗಿಲ್ಲ, ಮನ್ಯಾಗ ಎರಡು ವರ್ಷದ ಕೂಸು ಅದ, "ಅಕ್ಕಾ, ಇಲ್ಲಿ ನೀರಾಗ ಸೀಸ (ಲೆಡ್) ಅದ ಅಂತಾರ, ಬ್ರೌನ್ ರೈಸ್ ತಿಂದ್ರ ಮೈಯಾಗಿನ ವಿಷ ಹೋಗ್ತದಂತ, ಖರೆ ಏನು" ಅಂತ ಕೇಳಿದಿ. ಯಾವ ಧಾನ್ಯನೂ ಸೀಸ ತೊಳದು ಹಾಕಂಗಿಲ್ಲವ್ವಾ. ಮೈಯಾಗ ಹೋಗದಂಗ ನೋಡ್ಕೋಬೇಕು, ಅದಕ್ಕ ಊಟ ಒಂದಿಷ್ಟು ಆಸರಾಗ್ತದ ಅಷ್ಟೇ.

ನೀರಿನ ಮಾತು ಖರೆನೇ. ಈ ಊರಾಗ 1986ರ ತನಕ ಬೀದಿಯಿಂದ ಮನಿಗೆ ಬರೋ ಪೈಪ್ ಸೀಸದ್ದೇ ಹಾಕ್ಬೇಕಂತ ರೂಲ್ ಇತ್ತು, ಅಂಥಾ ಪೈಪ್ ಇನ್ನೂ ಸುಮಾರು 4 ಲಕ್ಷ ಅವ. ನಿಮ್ಮದು ಹಳೇ ಮನಿ ಅಂದಿ, ನಗರಸಭೆಯ ಸಹಾಯದ ನಂಬರ್ 311ಕ್ಕ ಫೋನ್ ಮಾಡಿ ನೀರಿನ ಟೆಸ್ಟ್ ಕಿಟ್ ಕೇಳು, ಫ್ರೀ ಕೊಡ್ತಾರ, ಫಿಲ್ಟರ್ ತಗೊಳ್ಳುವಾಗ ಡಬ್ಬಿ ಮ್ಯಾಲ ಎನ್‌ಎಸ್‌ಎಫ್ 53, ಲೆಡ್ ಅಂತ ಬರದದೋ ಇಲ್ಲೋ ನೋಡು, ಅದು ಸೀಸ ತಡಿತದ ಅನ್ನೋ ಗುರುತು.

ನಮ್ ಕಡಿ ಹೆಣ್ಮಕ್ಕಳು ಇಲ್ಲಿ ಏನ್ ಮಾಡ್ತಾರಂದ್ರ, ಜ್ವಾಳದ ಹಿಟ್ಟಿಗಿ ಎಸರು ಬೇಕಲ್ಲ, ಗಡಿಬಿಡ್ಯಾಗ ಸಿಂಕಿನ ಬಿಸಿನೀರಿನ ನಳ ತಿರುವಿ ಅದನ್ನೇ ಒಲಿ ಮ್ಯಾಲ ಇಡ್ತಾರ. ಹಂಗ ಮಾಡಬ್ಯಾಡ. ಬಿಸಿನೀರು ಪೈಪಿನ ಸೀಸ ಜಾಸ್ತಿ ಎಳಕೊಂಡು ಬರ್ತದ, ಎಷ್ಟು ಕುದಿಸಿದ್ರೂ ಅದು ಹೋಗಂಗಿಲ್ಲ, ನೀರು ಇಂಗಿದಂಗ ಇನ್ನೂ ಗಟ್ಟಿ ಆಗ್ತದ. ತಣ್ಣೀರಿನ ನಳ, ಫಿಲ್ಟರ್, ಆಮ್ಯಾಲ ಎಸರು. ಕೂಸಿನ ಹಾಲಿನಪುಡಿಗೂ ಹಂಗೇ.

ಊಟಕ್ಕ ನಮ್ಮ ರೊಟ್ಟಿ ಭಾಳ ಛಲೋ. ಖಾಲಿ ಹೊಟ್ಟ್ಯಾಗ ಸೀಸ ಬೇಗ ಹೀರ್ಕೊಂತದ, ಕಬ್ಬಿಣ, ಕ್ಯಾಲ್ಸಿಯಂ ಕಡಿಮಿ ಇರೋ ಕೂಸಿನ ಮೈ ಇನ್ನೂ ಜಾಸ್ತಿ ಎಳಕೊಂತದ, ಅದಕ್ಕ ಹೊತ್ತೊತ್ತಿಗೆ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಮೊಸರು ಉಣಿಸು. ಬ್ಯಾಳಿ ಮ್ಯಾಲ ನಿಂಬಿಹಣ್ಣು ಹಿಂಡು, ಯಾಕಂದ್ರ ಧಾನ್ಯದಾಗಿನ ಕಬ್ಬಿಣ ಹಂಗೇ ಮೈಗೆ ಹತ್ತೋದು ಕಮ್ಮಿ. ಜ್ವಾಳದ ನಾರು ಕರುಳಿನ ಒಳ್ಳೇ ಬ್ಯಾಕ್ಟೀರಿಯಾಕ್ಕ ಊಟ, ಅವು ಅದರಿಂದ ಮಾಡೋ ಬ್ಯುಟಿರೇಟ್ ಅನ್ನೋ ಪದಾರ್ಥ ಕರುಳಿನ ಗ್ವಾಡಿ ಗಟ್ಟಿ ಇಡ್ತದ.

ಬ್ರೌನ್ ರೈಸ್ ಮಾತ್ರ ದಿನಾ ಬ್ಯಾಡ. ಅಕ್ಕಿಯಾಗಿನ ಆರ್ಸೆನಿಕ್ ಅನ್ನೋ ವಿಷ ತೌಡಿನಾಗ ಸೇರ್ತದ, ಹಂಗಾಗಿ ಬಿಳಿ ಅಕ್ಕಿಗಿಂತ ಅದರಾಗ ಜಾಸ್ತಿ ಇರ್ತದ. ಅನ್ನ ಮಾಡಿದ್ರ ಆರು ಪಟ್ಟು ನೀರು ಹಾಕಿ ಗಂಜಿ ಬಸಿ, ಸುಮಾರು ಅರ್ಧ ಆರ್ಸೆನಿಕ್ ಹೋಗ್ತದ.

ಜ್ವಾಳದ ಹಿಟ್ಟು ಇಲ್ಲಿ ಡೆವನ್ ಅವೆನ್ಯೂ ಅನ್ನೋ ಬೀದ್ಯಾಗಿನ ನಮ್ ದೇಶದ ಅಂಗಡ್ಯಾಗ ಸಿಗ್ತದ, ತಾರೀಖು ನೋಡಿ ಸಣ್ಣ ಪ್ಯಾಕೆಟ್ಟೇ ತಗೋ, ಹಳೇದಿದ್ರ ಕಹಿ ಆಗ್ತದ, ರೊಟ್ಟಿ ತಟ್ಟುವಾಗ ಬಿರಿತದ. ಮತ್ತ ಕೂಸಿನ ಡಾಕ್ಟರ್ ಕಡಿ ಹೋದಾಗ ರಕ್ತದಾಗಿನ ಸೀಸದ ಟೆಸ್ಟ್ ಮಾಡ್ರಿ ಅಂತ ನೀನೇ ಬಾಯಿಬಿಟ್ಟು ಕೇಳು, ಅವರು ಹೇಳ್ಲಿ ಅಂತ ಕಾಯಬ್ಯಾಡ.