ಗೆಜ್ಜೆ ಬಿಚ್ಚಬೇಡಿ, ಬೋರ್ಡನ್ನೂ ಈಗಲೇ ಹಾಕಬೇಡಿ

ಧಾರವಾಡದ ಓದುಗರೊಬ್ಬರ ಪತ್ರ ಬಂದಿದೆ. ಭರತನಾಟ್ಯದಲ್ಲಿ ಸೀನಿಯರ್ ಪಾಸಾಗಿದೆ, ಮನಃಶಾಸ್ತ್ರದಲ್ಲಿ ಬಿ.ಎ. ಆಗಿದೆ. ಆರು ವಾರಾಂತ್ಯಗಳ ಕೋರ್ಸ್ ಮುಗಿಸಿ ಡ್ಯಾನ್ಸ್ ಥೆರಪಿ ಕೇಂದ್ರ ತೆರೆಯುವ ಆಸೆ ಅವರದು. ಕುಣಿತ ಸಾಕು, ಕ್ಲಿನಿಕಲ್ ಸೈಕಾಲಜಿ ಓದು ಎಂದು ತಂದೆಯ ಹಟ. “ನೃತ್ಯವೇ ಚಿಕಿತ್ಸೆ ಅಲ್ಲವೇ ಸರ್?” ಎಂದು ಕೇಳಿದ್ದಾರೆ.

ಅಲ್ಲ ತಾಯಿ. ಕುಣಿದರೆ ಮನಸ್ಸು ಹಗುರಾಗುತ್ತದೆ, ಒಪ್ಪಿದೆ. ಈ ಕೆಲಸ ತನಗೆ ಒಗ್ಗೀತೇ ಎಂದು ನೋಡಿಕೊಳ್ಳಲು ವಾರಾಂತ್ಯದ ಕೋರ್ಸೂ ಆದೀತು. ಅದರ ಪ್ರಯೋಜನ ಅಲ್ಲಿಗೆ ಮುಗಿಯಿತು. ಖಿನ್ನತೆಗೆ ನೃತ್ಯಚಿಕಿತ್ಸೆ ಎಷ್ಟು ಫಲಕಾರಿ ಎಂದು ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ಸಮೀಕ್ಷೆ ಹುಡುಕಿದಾಗ ಸಿಕ್ಕಿದ್ದು ಮೂರೇ ಅಧ್ಯಯನ, 147 ಜನ. ಗಟ್ಟಿ ತೀರ್ಮಾನಕ್ಕೆ ಅಷ್ಟು ಸಾಲದು ಎಂದು ಅದೇ ಹೇಳಿತು. ಕರಪತ್ರಗಳಲ್ಲಿ ಮಾತ್ರ ಎಲ್ಲ ರೋಗವೂ ವಾಸಿ!

ಈ ವೃತ್ತಿಗೆ ದಾರಿ ಹಾಕಿದ ಮೇರಿಯನ್ ಚೇಸ್ ನೃತ್ಯಗಾತಿಯೇ. 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಗೆ ಕಾಲಿಟ್ಟರು. ಮಾತು ಬಿಟ್ಟಿದ್ದ ರೋಗಿಗಳ ನಡುವೆ ವರ್ಷಗಟ್ಟಲೆ ದುಡಿದರು, ಜೊತೆಗೇ ಮನೋವೈದ್ಯಶಾಸ್ತ್ರ ಕಲಿತರು. 1966ರಲ್ಲಿ ಅಮೆರಿಕದ ನೃತ್ಯಚಿಕಿತ್ಸಕರ ಸಂಘ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆ. ರೋಗಿಯ ಚಲನೆಗೆ ಕನ್ನಡಿ ಹಿಡಿಯುವುದು ಅವರ ಮುಖ್ಯ ಉಪಾಯ. ಹೊಸಬರು ಎಡವುವುದೂ ಇಲ್ಲೇ. ಎದುರಿನವರು ಮುಷ್ಟಿ ಬಿಗಿದು ತೂಗಿದರೆ ಇವರೂ ಹಾಗೇ ತೂಗುತ್ತಾರೆ, ನೋಡಿದವರಿಗೆ ಅಣಕವೆನಿಸುತ್ತದೆ. ಹಿಡಿಯಬೇಕಾದ್ದು ಆ ಮುಷ್ಟಿಯ ಆಕಾರವನ್ನಲ್ಲ, ಅದರ ಬಿಗಿಯನ್ನು, ತೂಗುವ ಲಯವನ್ನು. ಅದೂ ಅರೆಗಳಿಗೆ ತಡವಾಗಿ, ತುಸು ಮೆತ್ತಗೆ.

ಇನ್ನೊಂದು ಪದ್ಧತಿ ಮೇರಿ ವೈಟ್‌ಹೌಸ್ ಅವರದು. ಆಕೆ ನರ್ತಕಿ, ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಪಂಥದ ಮನೋವಿಶ್ಲೇಷಣೆಯಲ್ಲಿ ಪಳಗಿದವರು. ಇಂದು ಅದನ್ನು ಆಥೆಂಟಿಕ್ ಮೂವ್‌ಮೆಂಟ್ ಎನ್ನುತ್ತಾರೆ. ಖಾಲಿ ಕೋಣೆಯಲ್ಲಿ ಇಬ್ಬರೇ. ಒಬ್ಬರು ಕಣ್ಣು ಮುಚ್ಚಿ, ಒಳಗಿನಿಂದ ಸೆಳೆತ ಬರುವವರೆಗೆ ಕಾದು, ಬಂದ ಕಡೆ ಚಲಿಸುತ್ತಾರೆ. ಬೀಸು ದೊಡ್ಡದಾದರೆ ಕಣ್ಣು ತೆರೆಯಬೇಕು, ಇಲ್ಲವಾದರೆ ಗೋಡೆಗೆ ಬಡಿತ. ಇನ್ನೊಬ್ಬರು ಅಂಚಿನಲ್ಲಿ ಕೂತು ನೋಡುವ ಸಾಕ್ಷಿ. ಹೊಸಬರಿಗೆ ಹತ್ತು ನಿಮಿಷ ಸಾಕು. ಗಂಟೆ ಹೊಡೆದ ಮೇಲೆ ಚಲಿಸಿದವರದೇ ಮೊದಲ ಮಾತು. “ನಿನಗೆ ದುಃಖವಾಗಿತ್ತು” ಎಂದು ಸಾಕ್ಷಿ ಅರ್ಥ ಹಚ್ಚಬಾರದು. “ನಿನ್ನ ಕೈ ಎದೆಯ ಹತ್ತಿರ ನಿಂತದ್ದು ಕಂಡೆ, ಆಗ ನನ್ನ ಉಸಿರು ಹಿಡಿದಂತಾಯಿತು” ಎನ್ನಬಹುದು.

ಸೀನಿಯರ್ ಪಾಸಾದವರಿಗೆ ಇದು ಬಲು ಕಷ್ಟ. ಕಣ್ಣು ಮುಚ್ಚಿದ ಕೂಡಲೇ ಕಾಲು ಮಂಡಿ ಬಾಗಿಸಿದ ಅರೆಮಂಡಿಗೆ ಹೋಗುತ್ತದೆ, ಬೆರಳು ಪತಾಕ ಮುದ್ರೆ ಹಿಡಿಯುತ್ತದೆ, ತುಟಿಯಲ್ಲಿ ವೇದಿಕೆಯ ನಗೆ. ಸಾಕ್ಷಿಯಾಗಿ ಕೂರಿಸಿದರೆ ಎದುರಿನವರ ಮೊಣಕಾಲು ತಿದ್ದಲು ಮನಸ್ಸು ಹಾತೊರೆಯುತ್ತದೆ. ತಪ್ಪು ನಿಮ್ಮದಲ್ಲ. ನಮ್ಮ ತರಗತಿಗಳಲ್ಲಿ ಅಡವು ಹೇಗೆ ಕಾಣುತ್ತದೆ ಎಂದು ಕೇಳುವವರೇ ಎಲ್ಲ. ಮಂಡಿ ನೋಯುತ್ತಿದೆಯೇ ಎಂದು ಕೇಳುವವರಿಲ್ಲ. ಸ್ಪರ್ಧೆ, ರಿಯಾಲಿಟಿ ಶೋ, ಸಾಲ ಮಾಡಿಯಾದರೂ ರಂಗಪ್ರವೇಶ. ಮಗುವಿನ ಮೈಯೆಲ್ಲ ಪ್ರೇಕ್ಷಕರ ಪಾಲು.

ಇನ್ನು ನಿಮ್ಮ ಆರು ವಾರಾಂತ್ಯಗಳು. ಡೋಲು ಜೋರು ಮಾಡಿ, ಎಲ್ಲರೂ ಅಳುವಂತೆ ಮಾಡಿ, ಬಿಡುಗಡೆಯಾಯಿತೆಂದು ಮನೆಗೆ ಕಳಿಸುವ ಶಿಬಿರಗಳುಂಟು. ಹಳೆಯ ಆಘಾತ ಹೊತ್ತವರು ಅಲ್ಲಿ ಮರಗಟ್ಟಿ ನಿಲ್ಲಬಹುದು: ನೋಟ ಒಂದೇ ಕಡೆ, ಉಸಿರು ಮೇಲೆ ಮೇಲೆ, ಕೈ ತಣ್ಣಗೆ. ಆಗ ಸಂಗೀತ ನಿಲ್ಲಿಸಬೇಕು, ಕಣ್ಣು ತೆರೆಸಬೇಕು, ಪಾದ ನೆಲಕ್ಕೆ ಒತ್ತಿಸಬೇಕು, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿಸಬೇಕು. ಕೇಳದೆ ಮುಟ್ಟಬಾರದು, ಅಪ್ಪಿಕೊಳ್ಳುವುದಂತೂ ದೂರವೇ ಉಳಿಯಿತು. ಒಂದು ಗಂಟೆಯ ಅವಧಿಯಲ್ಲಿ ಕೊನೆಯ ಕಾಲು ಗಂಟೆಯನ್ನು ಮೈ ತಣಿಯಲು, ಮಾತಾಡಲು ಎತ್ತಿಡಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಅನುಭವಿಗಳು ಪಕ್ಕದಲ್ಲಿ ಕೂತು ತಿದ್ದಬೇಕು. ಅಮೆರಿಕದಲ್ಲಿ ನೋಂದಾಯಿತ ನೃತ್ಯಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿಯ ಜೊತೆ 700 ಗಂಟೆಗಳ ಇಂಟರ್ನ್‌ಶಿಪ್ ಕೇಳುವುದು ಸುಮ್ಮನೆ ಅಲ್ಲ.

ತಂದೆಯವರ ಮಾತಿನಲ್ಲಿ ಅರ್ಧ ಹುರುಳಿದೆ. ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕಿಕೊಳ್ಳಲು ಅಷ್ಟೇ ಸಾಲದು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯೂ ಬೇಕು. ಗೆಜ್ಜೆ ಮಾತ್ರ ಬಿಚ್ಚಬೇಡಿ. ಸಂಪಾದನೆ ಕುದುರುವವರೆಗೆ ನೃತ್ಯಪಾಠವೇ ನಿಮ್ಮ ಅನ್ನ. ಕಳ್ಳಸಾಗಣೆಯಿಂದ ಪಾರಾದ ಹುಡುಗಿಯರೊಂದಿಗೆ ಕೆಲಸ ಮಾಡಿದ ಕೋಲ್ಕತಾ ಸಂವೇದ್ ಎಂಬ ಸಂಸ್ಥೆ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೊತೆ ನೃತ್ಯಚಿಕಿತ್ಸೆಯ ಡಿಪ್ಲೊಮಾ ನಡೆಸಿದೆ, ವಿಚಾರಿಸಿ ನೋಡಿ. ನಮ್ಮಲ್ಲೋ, ಒಂದೇ ಆವರಣದ ನೃತ್ಯ ವಿಭಾಗ, ಮನಃಶಾಸ್ತ್ರ ವಿಭಾಗಗಳು ಕ್ಯಾಂಟೀನಿನಲ್ಲೂ ಮಾತಾಡಿಕೊಳ್ಳುವುದಿಲ್ಲ. ಶಾಲೆಗಳಿಗೆ ಒಂದೇ ಸಂಬಳದಲ್ಲಿ ಡ್ಯಾನ್ಸ್ ಟೀಚರೂ ಬೇಕು, ಕೌನ್ಸೆಲರೂ ಬೇಕು.

ಯಾವ ಕೋರ್ಸಿಗೆ ಸೇರಿದರೂ ಮೊದಲು ಕೇಳಿ: ನನ್ನ ಕೆಲಸವನ್ನು ಕೂತು ನೋಡಿ ತಿದ್ದುವವರು ಯಾರು? ಎಷ್ಟು ಗಂಟೆ? ಬಂದವರು ಸಾಯುವ ಮಾತಾಡಿದರೆ ಯಾವ ಮನೋವೈದ್ಯರಿಗೆ ಫೋನ್ ಮಾಡಬೇಕು? ಮೂರಕ್ಕೂ ಉತ್ತರ ಬರುವವರೆಗೆ ಶುಲ್ಕ ಕಟ್ಟಬೇಡಿ.

– ಸಂ.