ಪ್ರೆಸ್ಸಿಗೆ ಹೋಗುವ ಮೊದಲು ಶಾಲೆಗೆ ಹೋಗಿ

ನೀವು ಕೇಳಿದ್ದು ಇಷ್ಟು: ಚಿತ್ರ ಬಿಡಿಸೋಕೆ ಬರುತ್ತೆ, ನಮ್ಮೂರ ಶಾಲೆ ಮಕ್ಕಳಿಗೆ ಒಂದು ಚಿತ್ರಪುಸ್ತಕ ಮಾಡಿ ಕೊಡಬೇಕು ಅಂತ ಆಸೆ, ಪ್ರೆಸ್ಸಿನವರು ಕಡಿಮೆ ಅಂದ್ರೂ 500 ಪ್ರತಿ ಮಾಡಿಸಿ ಅಂತಿದ್ದಾರೆ, ಮಾಡಿಸಲಾ?

ಬೇಡ ಮಾರಾಯ್ರೆ. ಈಗಲೇ ಬೇಡ. ನಾನು ಮಾಡಿಸಿದ್ದೆ. ಅದರಲ್ಲಿ ಮುನ್ನೂರು ಚಿಲ್ಲರೆ ಪ್ರತಿ ಇವತ್ತಿಗೂ ಉಡುಪಿಯಲ್ಲಿ ನಮ್ಮ ಮನೆಯ ಅಟ್ಟದಲ್ಲಿವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಖಪುಟ ಸೊಟ್ಟಗಾಯಿತು, ಕೆಳಗಿನ ಕಟ್ಟಿಗೆ ಗೆದ್ದಲು ಹಿಡಿಯಿತು. "ನಿನ್ನ ಪುಸ್ತಕವನ್ನು ಪೂರ್ತಿ ಮುಗಿಸಿದ್ದು ಇವೇ ನೋಡು" ಅಂತ ಅಮ್ಮ ಈಗಲೂ ಹೇಳ್ತಾರೆ.

ಗೆದ್ದಲಿನ ಕಥೆ ಬಿಡಿ, ನಿಜವಾದ ಪೆಟ್ಟು ಬಿದ್ದದ್ದು ಶಾಲೆಯಲ್ಲಿ. ಆ ಪುಸ್ತಕ ಒಬ್ಬ ಅಜ್ಜ, ಮೊಮ್ಮಗಳು ಮತ್ತು ಒಂದು ಟ್ರಾಲ್ ಬೋಟಿನ ಬಗ್ಗೆ. ನನಗೆ ಬಹಳ ಇಷ್ಟವಾದ ಪುಟ ಅಂದರೆ ಕಪ್ಪು ಮೋಡ, ಓರೆಯಾಗಿ ಬೀಳುವ ಮಳೆ, ದೂರದಲ್ಲಿ ಕೆಂಪು ಬೋಟು. ಆ ಕಡಲಿನ ನೀಲಿಗೆ ಒಂದು ವಾರ ಕೂತಿದ್ದೆ. ಮಲ್ಪೆ ಹತ್ತಿರದ ಒಂದು ಶಾಲೆಯಲ್ಲಿ ಎರಡನೇ ಮತ್ತು ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಓದ್ತಾ ಇದ್ದೆ. ಆ ಪುಟ ಬಂತು. ಮುಂದೆ ಕೂತಿದ್ದ ಹುಡುಗ ಕೈ ಕೂಡ ಎತ್ತಲಿಲ್ಲ, ಸೀದಾ ಹೇಳಿದ: "ಸರ್, ಮಳೆಗಾಲದಲ್ಲಿ ಬೋಟು ಕಡಲಿಗೆ ಹೋಗುದಿಲ್ಲ."

ಹೌದಲ್ವಾ! ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನನಗೆ ಅದು ಪೇಪರಿನಲ್ಲಿ ಓದಿ ಮರೆತ ಸುದ್ದಿ. ಆ ಮಕ್ಕಳಿಗೆ ಅದು ಅಪ್ಪ ಎರಡು ತಿಂಗಳು ಮನೆಯಲ್ಲಿರುವ ಕಾಲ, ಕೈಯಲ್ಲಿ ದುಡ್ಡಿಲ್ಲದ ಕಾಲ. ಹಿಂದಿನಿಂದ ಒಬ್ಬಳು ಹುಡುಗಿ ನನಗೆ ಸಹಾಯ ಮಾಡೋಕೆ ನೋಡಿದಳು: "ನಾಡದೋಣಿ ಆದ್ರೆ ಹೋಗ್ತದೆ ಸರ್." ಅಷ್ಟೊತ್ತಿಗೆ 500 ಪ್ರತಿ ಅಚ್ಚಾಗಿ ಆಗಿತ್ತು.

ಹಾಗಾಗಿ ಮೊದಲು ಡಮ್ಮಿ, ಅಂದ್ರೆ ಕಚ್ಚಾ ನಮೂನೆ ಪುಸ್ತಕ ಮಾಡಿ. ನಾಲ್ಕು ಎ4 ಹಾಳೆ ಒಂದರೊಳಗೊಂದು ಇಟ್ಟು ಮಡಚಿ ನಡುವೆ ಪಿನ್ ಹೊಡೆದರೆ 16 ಪುಟ ಸಿಗುತ್ತೆ. ಪೆನ್ಸಿಲ್ ಚಿತ್ರ ಸಾಕು, ಬಣ್ಣವೇ ಬೇಡ. ಅದನ್ನು ಹಿಡಿದುಕೊಂಡು ಮಕ್ಕಳ ಎದುರು ಕೂತು ಓದಿ, ಓದುವಾಗ ಪುಸ್ತಕ ನೋಡಬೇಡಿ, ಅವರ ಕಣ್ಣು ನೋಡಿ. ಎಲ್ಲಿ ಮುಂದೆ ಬಗ್ಗುತ್ತಾರೆ, ಎಲ್ಲಿ ಪಕ್ಕದವನ ಪೆನ್ಸಿಲ್ ಎಳೆಯುತ್ತಾರೆ ಅನ್ನುವುದು ಪುಟಪುಟಕ್ಕೂ ಗೊತ್ತಾಗುತ್ತೆ.

ನನ್ನ ಎರಡನೇ ಪುಸ್ತಕ ಹುಲಿವೇಷದ್ದು. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿ ದಿನ, ಮನೆ ಅಂಗಳಕ್ಕೆ ತಾಸೆ ಬಡಿಯುತ್ತಾ ಹುಲಿ ಬರುತ್ತೆ, ಹುಡುಗಿ ಹೆದರಿ ಮಂಚದ ಕೆಳಗೆ ನುಗ್ಗುತ್ತಾಳೆ, ಕೊನೆಗೆ ಹುಲಿ ಅವಳ ಮಾಮನೇ. ಇದು 14ನೇ ಪುಟದಲ್ಲಿ ಗೊತ್ತಾಗಬೇಕು ಅಂತ ನನ್ನ ಲೆಕ್ಕ. ಮಕ್ಕಳು 9ನೇ ಪುಟದಲ್ಲೇ ಕಿರುಚಿದರು. ಯಾಕಂದ್ರೆ 3ನೇ ಪುಟದಲ್ಲಿ ಮಾಮನ ಕಾಲ್ಬೆರಳಿಗೆ ಸುಮ್ನೆ ಒಂದು ಬಟ್ಟೆ ಪಟ್ಟಿ ಸುತ್ತಿದ್ದೆ, ಮಂಚದ ಕೆಳಗಿನಿಂದ ಕಾಣುವ ಹಳದಿ ಕಾಲಿಗೂ ಕೈ ತಪ್ಪಿ ಅದೇ ಪಟ್ಟಿ ಬಂದಿತ್ತು. ಅಳಿಸಿಬಿಡೋಣ ಅಂದುಕೊಂಡೆ. ಆಮೇಲೆ ನೋಡಿದ್ರೆ ಅವರಿಗೆ ಖುಷಿ ಆಗಿದ್ದೇ ಅದು: ಪುಸ್ತಕದ ಹುಡುಗಿಗೆ ಗೊತ್ತಿಲ್ಲದ್ದು ತಮಗೆ ಗೊತ್ತು! ಹಾಗೇ ಉಳಿಸಿದೆ. "ಹುಡುಗಿಗೆ ತುಂಬಾ ಭಯವಾಯಿತು" ಅಂತ ಬರೆದಿದ್ದ ಸಾಲನ್ನು ಮಾತ್ರ ಕಿತ್ತೆಸೆದೆ, ಚಿತ್ರದಲ್ಲೇ ಇದೆಯಲ್ಲ ಭಯ.

ಭಾಷೆ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗು ಶಾಲೆಗೆ ಬಂದು ಕನ್ನಡ ಓದುತ್ತೆ. ನನ್ನ ಪುಸ್ತಕದ ಹುಡುಗಿ ಹುಲಿ ಕಂಡು ತುಳುವಿನಲ್ಲಿ "ಪಿಲಿ! ಪಿಲಿ!" ಅಂತಲೇ ಕೂಗುತ್ತಾಳೆ. ಒಬ್ಬರು ಟೀಚರ್ ಪುಸ್ತಕದಲ್ಲಿ ತುಳು ಯಾಕೆ ಅಂದರು. ಮಕ್ಕಳು ಆ ಪುಟವನ್ನೇ ನಾಲ್ಕು ಸಲ ಓದಿಸಿದ ಮೇಲೆ ಅವರೂ ಸುಮ್ಮನಾದರು.

ಈಗ ಪ್ರಿಂಟಿಂಗ್. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡುವ ಜೆರಾಕ್ಸ್ ಅಂಗಡಿಗಳಿವೆಯಲ್ಲ, ಅಲ್ಲಿ ಕಲರ್ ಲೇಸರ್‌ನಲ್ಲಿ 20 ಪ್ರತಿ ತೆಗೆಸಿ, ಸೆಂಟರ್ ಪಿನ್ ಸಾಕು. ನನಗೆ ಒಂದಕ್ಕೆ ಸುಮಾರು 90 ರೂಪಾಯಿ ಬಿತ್ತು. ಇಂಕ್‌ಜೆಟ್ ಬೇಡ, ಒದ್ದೆ ಕೈ ತಾಗಿದರೆ ಬಣ್ಣ ಇಳಿಯುತ್ತೆ. ಕಂಪ್ಯೂಟರಿನಲ್ಲಿ ಮಿಂಚುವ ಗದ್ದೆ ಹಸಿರು ಕಾಗದದ ಮೇಲೆ ಮಂಕಾಗುತ್ತೆ, ಒಂದು ಪುಟ ಮೊದಲೇ ತೆಗೆಸಿ ನೋಡಿ. ಒತ್ತಕ್ಷರ ಎಲ್ಲ ಪುಟದಲ್ಲೂ ಪರೀಕ್ಷೆ ಮಾಡಿ. ನನ್ನ ಮೊದಲ ಪುಸ್ತಕದಲ್ಲಿ "ಅಜ್ಜ"ನ ಒತ್ತು ಕಿತ್ತುಕೊಂಡು ಪಕ್ಕಕ್ಕೆ ಹೋಗಿ ಕೂತಿತ್ತು. ಬಳೂ ತಮ್ಮ ಅಂತ ಒಂದು ದುಂಡು ಯುನಿಕೋಡ್ ಫಾಂಟ್ ಉಚಿತವಾಗಿ ಸಿಗುತ್ತೆ, ಮಕ್ಕಳಿಗೆ ಚೆನ್ನಾಗಿರುತ್ತೆ. ಸಾಲುಗಳ ನಡುವೆ ಜಾಗ ಧಾರಾಳ ಬಿಡಿ. ಇಲ್ಲಾಂದ್ರೆ ಕೈಯಲ್ಲೇ ಬರೆಯಿರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು ಕಲ್ಲಚ್ಚಿನಲ್ಲಿ, ಅದೂ ಕೈಬರಹವೇ ಅಲ್ವಾ, ನಮ್ಮ ಊರಿಗೆ ಇದೇನು ಹೊಸತಲ್ಲ.

ಪುಸ್ತಕ ದೂರ ಹೋಗಬೇಕು ಅಂದ್ರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿಗೆ ಹಾಕಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬೇರೆ ಭಾಷೆಗೆ ಅನುವಾದ ಮಾಡಬಹುದು. ಆದರೆ ಅಲ್ಲಿನ ಮುಕ್ತ ಪರವಾನಗಿ ಪ್ರಕಾರ ನಿಮ್ಮ ಹೆಸರು ಹಾಕಿ ಬೇರೆಯವರು ಅದನ್ನು ಮಾರುವುದಕ್ಕೂ ಅವಕಾಶ ಉಂಟು, ಅದನ್ನು ತಿಳಿದುಕೊಂಡೇ ಹಾಕಿ.

ಶಾಲೆಗೆ ಹೋಗುವಾಗ ಮೊದಲು ಮುಖ್ಯ ಶಿಕ್ಷಕರನ್ನು ಕಂಡು ಕೇಳಿ. ಹಾರ, ಫೋಟೋ, ಬಿಡುಗಡೆ ಯಾವುದೂ ಬೇಡ. ಓದಿ ಹೇಳುವುದಕ್ಕೆ ಒಂದು ಪ್ರತಿಯನ್ನು ಎ3 ಹಾಳೆಯಲ್ಲಿ ದೊಡ್ಡದಾಗಿ ತೆಗೆಸಿಟ್ಟುಕೊಳ್ಳಿ, ಇಲ್ಲಾಂದ್ರೆ ಹಿಂದಿನ ಸಾಲಿಗೆ ಏನೂ ಕಾಣಲ್ಲ. ಕೊಟ್ಟು ಬಂದ ಪುಸ್ತಕ ಸ್ಟಾಕ್ ರಿಜಿಸ್ಟರಿಗೆ ಹತ್ತಿ ಬೀರು ಸೇರುವುದೇ ಜಾಸ್ತಿ. ಟೀಚರುಗಳದ್ದು ತಪ್ಪಲ್ಲ, ಹರಿದರೆ ಲೆಕ್ಕ ಕೊಡಬೇಕಾದವರು ಅವರು. ಅದಕ್ಕೆ ನಾನು ಈಗ ಹಿಂಬದಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸ್ತೇನೆ: "ಹರಿದರೆ ಪರವಾಗಿಲ್ಲ, ಇನ್ನೊಂದು ಕೊಡುತ್ತೇನೆ." ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿಕಲಿ ತರಗತಿ ಆದರೆ ತಲೆ ಮೇಲೆ ದಾರದ ಚಪ್ಪರ ಇರುತ್ತೆ, ಒಂದು ಪ್ರತಿಯ ಪುಟ ಬಿಚ್ಚಿ ಅಲ್ಲೇ ತೂಗುಹಾಕಿ ಬಂದೆ ಒಂದು ಸಲ. ಅದನ್ನು ಮಾತ್ರ ಬೀರುವಿಗೆ ಹಾಕೋಕೆ ಆಗಲಿಲ್ಲ.

ಮತ್ತೆ, ಖಾಲಿ ಹಾಳೆ ತಗೊಂಡು ಹೋಗೋದು ಮರೀಬೇಡಿ. ಮಡಚಿ ಕೈಗೆ ಕೊಟ್ಟರೆ ಅವರೇ ಪುಸ್ತಕ ಮಾಡ್ತಾರೆ. ನನ್ನ ಬೋಟಿನ ತಪ್ಪು ಹಿಡಿದ ಆ ಹುಡುಗ ಮಾಡಿದ್ದರಲ್ಲಿ ಅಪ್ಪ ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದಾನೆ, ಹೊರಗೆ ಮಳೆ. ಮುಂದಿನ ಪುಟದಲ್ಲೂ ಅದೇ. ಅದರ ಮುಂದೆಯೂ ಅದೇ, ಬಲೆ ಮಾತ್ರ ಸ್ವಲ್ಪ ಉದ್ದ ಆಗಿದೆ. ನನ್ನ ಕೆಂಪು ಬೋಟಿಗಿಂತ ಎಷ್ಟೋ ಒಳ್ಳೆ ಪುಸ್ತಕ ಅದು.

ಜೂನ್, ಜುಲೈಯಲ್ಲಿ ಹೊರಟರೆ ಬೆಳಿಗ್ಗೆ ಒಂದು ಫೋನ್ ಮಾಡಿ, ಮಳೆಗೆ ಡಿಸಿ ರಜೆ ಕೊಟ್ಟಿರ್ತಾರೆ. ನಾನು ಎರಡು ಸಲ ಬಾಗಿಲು ಹಾಕಿದ ಶಾಲೆ ನೋಡಿ ವಾಪಸ್ ಬಂದಿದ್ದೇನೆ.