ಪಾಸ್‌ವರ್ಡ್ ಐದು ಸಲ ತಪ್ಪಾದರೆ ಖಾತೆ ಲಾಕ್ ಆಗುತ್ತದಲ್ಲ, ಮತ್ತೆ ಭಯ ಯಾಕೆ?

ಲಾಕ್ ಇರುವಾಗ ನಿಮ್ಮ ಪಾಸ್‌ವರ್ಡ್ ‘ಶರಣಬಸವ@123’ ಯಾರಿಗೆ ಸಿಗುತ್ತದೆ ಎಂದು ಕೇಳಿದ್ದೀರಿ. ಲಾಕ್ ಇರುವುದು ಮುಂಬಾಗಿಲಿಗೆ ಮಾತ್ರ ರೀ. ಯಾವುದೋ ಸೈಟಿನ ಹ್ಯಾಶ್‌ಗಳು (ಪಾಸ್‌ವರ್ಡ್‌ಗಳನ್ನು ಗುರುತು ಸಿಗದಂತೆ ಕಲಸಿಟ್ಟ ರೂಪ) ಸೋರಿದರೆ ಕಳ್ಳ ತನ್ನ ಕಂಪ್ಯೂಟರಿನಲ್ಲೇ ಕೂತು ಒಂದೊಂದು ಊಹೆಯನ್ನೂ ಹಾಗೇ ಕಲಸಿ ತಾಳೆ ನೋಡುತ್ತಾನೆ, ಅಲ್ಲಿ ತಪ್ಪು ಎಣಿಸುವವರಿಲ್ಲ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಒಟ್ಟು ಜೋಡಣೆಗಳು ಸುಮಾರು 20,900 ಕೋಟಿ. ಎಂಡಿ5ನಂಥ ಹಳೆಯ ಹ್ಯಾಶ್ ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅದು ಕೆಲವೇ ಸೆಕೆಂಡಿನ ಕೆಲಸ. ನಿಮ್ಮದು ಇನ್ನೂ ಉದ್ದ, ನಿಜ. ಆದರೆ ನಮ್ಮ ಕಲಬುರಗಿಯಲ್ಲಿ ಓಣಿಗೊಬ್ಬರಿಗಿರುವ ಹೆಸರು ಅದು. ಹೆಸರಿಗೆ @123 ಅಂಟಿಸಿ ನೋಡುವುದನ್ನು ಕಳ್ಳರು ಮೊದಲೇ ಮಾಡುತ್ತಾರೆ.

ಇವತ್ತೇ ಇಮೇಲಿನ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿನ ರಿಸೆಟ್ ಲಿಂಕೂ ಅಲ್ಲಿಗೇ ಬರುತ್ತದೆ. ಸಂಬಂಧವಿಲ್ಲದ ಐದು ಪದ ಸಾಕು: ತೊಗರಿ, ಛತ್ರಿ, ಸೋಮವಾರ ಹೀಗೆ (ಇವನ್ನೇ ಇಡಬೇಡಿ). ಎರಡು ಹಂತದ ದೃಢೀಕರಣವನ್ನೂ (ಪಾಸ್‌ವರ್ಡ್ ಆದಮೇಲೆ ಫೋನಿನ ಕೋಡಿನಂಥ ಇನ್ನೊಂದು ಗುರುತು ಕೇಳುವುದು) ಆನ್ ಮಾಡಿ.